ಎದುರು ಪಕ್ಷದ ಮಾತು

ಹನ್ನೊಂದು ಹಾಳೆಗಳನ್ನು ತಿದ್ದಿ ಮುಗಿಸಿದ್ದ ಶಿವಕುಮಾರಿಯ ಪೆನ್ನು ಹನ್ನೆರಡನೆಯದರ ಹತ್ತಿರ ಬಂದು ನಿಂತುಬಿಟ್ಟಿತು. ಹಾಳೆಯ ಮೇಲೆ ಹೆಸರಿರಲಿಲ್ಲ. ಹೆಸರು ಬರೆಯಬೇಡಿ ಎಂದವಳು ಅವಳೇ. ದೊಡ್ಡ ದೊಡ್ಡ ವಿದ್ವತ್ಪತ್ರಿಕೆಗಳಲ್ಲಿ ಹೀಗೇ ನಡೆಯುತ್ತದೆ, ಬರೆದವರು ಯಾರೆಂದು ಓದುವವರಿಗೆ ಗೊತ್ತಿರಬಾರದು, ಗೊತ್ತಾದರೆ ನೀವು ಬರಹ ಬಿಟ್ಟು ಮುಖ ಓದುತ್ತೀರಿ ಎಂದು ಮಲಾಡಿನ ಈ ಕಾಲೇಜಿನ ಎರಡನೇ ವರ್ಷದ ಮಕ್ಕಳಿಗೆ ಹದಿನಾರು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾಳೆ. ಈ ಸಲದ ಕೆಲಸ ಪ್ರತ್ಯುತ್ತರ. ಯಾವುದಾದರೊಂದು ವಾದವನ್ನು ಆರಿಸಿಕೊಳ್ಳಿ, ಮೊದಲ ಪುಟದಲ್ಲಿ ಆ ವಾದವನ್ನು ಎದುರು ಪಕ್ಷದವನೇ ಓದಿ 'ಹೌದಪ್ಪಾ, ನಾನು ಹೇಳಿದ್ದು ಇದೇ' ಅನ್ನುವಷ್ಟು ಪ್ರಾಮಾಣಿಕವಾಗಿ ಹೇಳಿ, ಎರಡನೇ ಪುಟದಲ್ಲಿ ಉತ್ತರ ಕೊಡಿ. ಮೂಲ ಬರಹದ ಜೆರಾಕ್ಸ್ ಲಗತ್ತಿಸಿ. ಇಷ್ಟೇ. ಹನ್ನೊಂದು ಮಂದಿ ಪೇಪರಿನ ಸಂಪಾದಕೀಯಗಳಿಗೆ ಉತ್ತರ ಬರೆದಿದ್ದರು. ಹನ್ನೆರಡನೆಯದಕ್ಕೆ ಲಗತ್ತಿಸಿದ್ದು ಅವಳದೇ ಹೌಸಿಂಗ್ ಸೊಸೈಟಿಯ ಲೆಟರ್‌ಹೆಡ್ಡು. ವಾರ್ಡ್ ಆಫೀಸಿಗೆ ಬರೆದ ಅರ್ಜಿ. ಫುಟ್‌ಪಾತಿನ ಮೇಲೆ ಕುಳಿತು ಮಾರುವವರನ್ನು ಎಬ್ಬಿಸಬೇಕೆಂದು ಕೋರಿಕೆ. ಕೆಳಗೆ ಸೆಕ್ರೆಟರಿ ಅಮೋಲನ ಸಹಿ. ಬರೆದ ಕೈ ಮಾತ್ರ ಶಿವಕುಮಾರಿಯದು, ಅದು ಅವಳನ್ನೂ ಅಮೋಲನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಅವಳು ಹಾಳೆಯನ್ನು ಮಗುಚಿಟ್ಟಳು. ಸ್ಟಾಫ್ ರೂಮಿನಲ್ಲಿ ಪ್ರಫುಲ್ಲಾ ಟೀ ಬ್ಯಾಗನ್ನು ಅದ್ದಿ ಅದ್ದಿ ಎತ್ತುತ್ತಿದ್ದಳು. ಪ್ರಫುಲ್ಲಾ ಅರ್ಥಶಾಸ್ತ್ರದವಳು, ಯಾರ ಮುಖದ ಮೇಲೆ ಏನಾದರೂ ಸುಳಿದರೆ ತಕ್ಷಣ ಹಿಡಿಯುತ್ತಾಳೆ. "ಶಿವಾ, ನಿನ್ನ ಚಾಂಪಿಯನ್ ನಾಲ್ಕು ದಿನದಿಂದ ಬಂದಿಲ್ಲವಂತೆ. ಶನಿವಾರ ಅಂತರಕಾಲೇಜು ಚರ್ಚೆಯ ಫೈನಲ್, ಪ್ರಿನ್ಸಿಪಾಲ್ ಕೇಳ್ತಾ ಇದ್ದರು" ಎಂದಳು. "ಜ್ವರ ಅಂತೆ" ಎಂದಳು ಶಿವಕುಮಾರಿ. ಎಷ್ಟು ಸರಾಗವಾಗಿ ಬಂತು. ನಮಿತಾಗೆ ಜ್ವರವೆಂದು ಯಾರೂ ಹೇಳಿರಲಿಲ್ಲ. ನಿನ್ನೆ ಅವಳ ಗೆಳತಿ ಈ ಹನ್ನೆರಡನೆಯ ಪ್ರತ್ಯುತ್ತರವನ್ನು ತಂದು ಮೇಜಿನ ಮೇಲಿಟ್ಟು ಓಡಿಹೋಗಿದ್ದಳು. ಪ್ರಫುಲ್ಲಾ 'ಅರೆರೆ' ಅಂದು ಟೀ ಬ್ಯಾಗನ್ನು ಹಿಂಡಿ ಬುಟ್ಟಿಗೆ ಹಾಕಿದಳು, ಮತ್ತೇನೂ ಕೇಳಲಿಲ್ಲ. ಸುಳ್ಳನ್ನು ನಂಬಿದವರ ಮೇಲೆ ಸಿಟ್ಟು ಬರುತ್ತದೆಂಬುದು ಶಿವಕುಮಾರಿಗೆ ಆವತ್ತೇ ಗೊತ್ತಾದದ್ದು.

ಹಾಳೆಯನ್ನು ಮತ್ತೆ ತಿರುಗಿಸಿದಳು. ಮೊದಲ ಪುಟ ಚೊಕ್ಕವಾಗಿತ್ತು. ಅರ್ಜಿಯ ಮೂರು ವಾದಗಳನ್ನು ಒಂದೊಂದಾಗಿ, ಯಾವುದನ್ನೂ ಕುಗ್ಗಿಸದೆ, ಲೇವಡಿ ಮಾಡದೆ ಹೇಳಿದ್ದಳು ಹುಡುಗಿ. ಆಮೇಲೆ ಬರೆದಿದ್ದಳು: ಮೂರನೆಯ ವಾದದಲ್ಲಿ ಒಂದು ಉದಾಹರಣೆ ಇದೆ. ಕೋಲೂರಿಕೊಂಡು ಬರುವ ಮುದುಕರು ಫುಟ್‌ಪಾತು ತುಂಬಿದಾಗ ಮೊದಲು ಕೋಲನ್ನು ರಸ್ತೆಗಿಳಿಸುತ್ತಾರೆ, ಆಮೇಲೆ ಎಡಗಾಲು, ಬಲಗಾಲನ್ನು ಇಳಿಸುವ ಮುಂಚೆ ಒಂದು ಗಳಿಗೆ ನಿಲ್ಲುತ್ತಾರೆ. ಆ ಗಳಿಗೆಯಲ್ಲೇ ರಿಕ್ಷಾ ಬರುತ್ತದೆ. 'ಇದನ್ನು ನಾವು ನಿವಾಸಿಗಳು ದಿನವೂ ಕಂಡಿದ್ದೇವೆ' ಎಂದಿದೆ ಅರ್ಜಿ. ನಿವಾಸಿಗಳು ಇದನ್ನು ಕಂಡಿರಲು ಸಾಧ್ಯವಿಲ್ಲ. ಮೂರನೇ ಮಹಡಿಯ ಗ್ಯಾಲರಿಯಿಂದ ತಲೆಗಳು ಮಾತ್ರ ಕಾಣುತ್ತವೆ. ಕಾಲು ಹೀಗೆ ಅನುಮಾನಿಸುವುದನ್ನು ನೋಡಬೇಕಾದರೆ ಅದೇ ಫುಟ್‌ಪಾತಿನ ಮೇಲೆ, ನೆಲದಲ್ಲಿ, ವರ್ಷಗಟ್ಟಲೆ ಕೂತಿರಬೇಕು. ಆದ್ದರಿಂದ ಈ ಅರ್ಜಿಯ ಲೇಖಕಿ ಯಾರೆಂದು ನನಗೆ ಗೊತ್ತು. ಅದು ನಾನು. ಡಿಸೆಂಬರಿನ ಚರ್ಚಾಸ್ಪರ್ಧೆಯಲ್ಲಿ ನಾನು ಆಡಿದ ಮಾತುಗಳಿವು, ಕಾಲೇಜಿನವರು ಅದರ ವಿಡಿಯೋ ಹಾಕಿದ್ದರು, ಯಾರೋ ನೋಡಿ ಬರೆದುಕೊಂಡಿದ್ದಾರೆ. ಎರಡನೇ ಪುಟದಲ್ಲಿ 'ಉತ್ತರ' ಎಂಬ ತಲೆಬರಹದ ಕೆಳಗೆ ಎರಡೇ ಸಾಲು. ನನ್ನ ಹತ್ತಿರ ಉತ್ತರವಿಲ್ಲ. ನನ್ನ ಮಾತಿನಿಂದ ನನ್ನ ಅವ್ವ ಜಾಗ ಕಳೆದುಕೊಂಡಿದ್ದಾಳೆ, ನಾನು ಇನ್ನು ಕಾಲೇಜಿಗೆ ಬರುವುದಿಲ್ಲ.

ಅಂಕ ಹಾಕುವ ಪಟ್ಟಿ ಪಕ್ಕದಲ್ಲಿತ್ತು. ವಿಷಯಕ್ಕೆ ಐದು, ಜೋಡಣೆಗೆ ಐದು, ಭಾಷೆಗೆ ಐದು, ಆಧಾರ ಸೂಚಿಸಿದ್ದಕ್ಕೆ ಐದು. ಎಂದೂ ಆಧಾರ ಸರಿಯಾಗಿ ಸೂಚಿಸದ ಮಕ್ಕಳಿಗೆ ಶಿವಕುಮಾರಿ ಎಷ್ಟು ಬೈದಿಲ್ಲ. ಇನ್ನೊಬ್ಬರ ಒಂದು ಸಾಲು ತಗೊಂಡರೂ ಹೆಸರು ಹೇಳಬೇಕು, ಇಲ್ಲದಿದ್ದರೆ ಅದು ಕಳವು ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದಳು. ಹುಡುಗಿ ಅರ್ಜಿಯ ಪ್ರತಿ ವಾಕ್ಯಕ್ಕೂ ತನ್ನ ಭಾಷಣದ ಸಾಲು ಯಾವುದು ಎಂದು ಅಂಚಿನಲ್ಲಿ ನಂಬರು ಹಾಕಿದ್ದಳು. ಐದಕ್ಕೆ ಐದು ಕೊಡಲೇಬೇಕು.

ಕಳೆದ ತಿಂಗಳ ಒಂದು ಭಾನುವಾರ ಅಮೋಲ್ ಬಂದಿದ್ದ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಕೈ ಮುಗಿದು, ಒಳಗೆ ಬಂದು ಕೂತ. ಏಳು ವರ್ಷಗಳಲ್ಲಿ ಅವನು ಆ ಮನೆಯ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. "ಮ್ಯಾಡಮ್, ತುಮ್ಹೀ ಪ್ರೊಫೆಸರ್. ನಾವು ಬರೆದರೆ ಕ್ಲರ್ಕ್ ಓದೋದೂ ಇಲ್ಲ, ಫೈಲಿಗೆ ಹಾಕ್ತಾನೆ. ನೀವು ಜರಾ ಚೆನ್ನಾಗಿ, ಪಾಯಿಂಟ್ ಬೈ ಪಾಯಿಂಟ್ ಬರೆದುಕೊಡಿ" ಎಂದ. ಇದೇ ಸೊಸೈಟಿ. ಎರಡು ವರ್ಷದ ಹಿಂದೆ ಅವಳು ಟೆರೇಸಿನ ಮೇಲೆ ಶಾವಿಗೆ ಒಣಹಾಕಿದಾಗ ಯಾರೋ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದ್ದರು, ಟೆರೇಸ್ ನಿಮ್ಮ ಗಾವ್ ಅಲ್ಲ, ನಿಮ್ಮ ಹಳ್ಳಿಯಲ್ಲ ಎಂದು. ಹೆಸರಿಲ್ಲದ ಚೀಟಿ. ಅವಳು ಕೆಳಗಿಳಿದು ಹೋಗುವಾಗ ಬರುವಾಗ ಅದನ್ನು ನೋಡದವಳ ಹಾಗೆ ನಡೆಯುವುದನ್ನು ಕಲಿತಳು. ಹದಿನೈದು ದಿನ ಅದು ಅಲ್ಲೇ ಇತ್ತು. ಆ ಮಂದಿ ಇವತ್ತು ಮನೆ ಬಾಗಿಲಿಗೆ ಬಂದಿದ್ದಾರೆ. ಅವಳು ಉಬ್ಬಿಹೋದಳು. ಅದೇನು ಮುಚ್ಚುಮರೆ, ಉಬ್ಬಿಯೇ ಹೋದಳು. ಲ್ಯಾಪ್‌ಟಾಪ್ ತೆರೆದಾಗ ನಮಿತಾಳ ಭಾಷಣ ಅಲ್ಲೇ ಇತ್ತು, ತಿದ್ದಿ ತೀಡಿ ಕೊನೆಗೊಳಿಸಿದ್ದು. ವಿಷಯವೂ ಅದೇ. ಹೊಸದಾಗಿ ಯಾಕೆ ತಲೆ ಕೆಡಿಸಿಕೊಳ್ಳಬೇಕು? 'ಮಾನ್ಯ ನಿರ್ಣಾಯಕರೇ' ಎಂಬಲ್ಲಿ 'ಮಾನ್ಯ ಅಧಿಕಾರಿಗಳೇ' ಎಂದು ಮಾಡಿ, 'ನಾನು' ಎಂಬಲ್ಲೆಲ್ಲ 'ನಾವು ನಿವಾಸಿಗಳು' ಎಂದು ಹಾಕಿ, ಅರ್ಧ ಗಂಟೆಯಲ್ಲಿ ಕಳಿಸಿಬಿಟ್ಟಳು. ಬರೆದವರು ಯಾರೆಂದು ಹೇಳದೆ ಅಮೋಲ್ ಅದನ್ನು ಸೊಸೈಟಿಯ ಗ್ರೂಪಿಗೆ ಹಾಕಿದಾಗ ಸಾಲಾಗಿ ಹೆಬ್ಬೆರಳುಗಳು ಎದ್ದವು. ಯಾರೋ ಚಪ್ಪಾಳೆಯ ಗುರುತನ್ನೂ ಹಾಕಿದರು. ಆ ರಾತ್ರಿ ಅವಳು ಅದನ್ನು ಮತ್ತೆ ಮತ್ತೆ ತೆರೆದು ನೋಡಿದ್ದು ನಿಜ.

ಪ್ರಬಂಧ ಬೇರೆ, ವರದಿ ಬೇರೆ, ಚರ್ಚೆ ಬೇರೆ, ಅರ್ಜಿ ಬೇರೆ. ವರ್ಷದ ಮೊದಲ ತರಗತಿಯಲ್ಲೇ ಬೋರ್ಡನ್ನು ನಾಲ್ಕು ಭಾಗ ಮಾಡಿ ಬರೆಯುತ್ತಾಳೆ. ಪ್ರಬಂಧದಲ್ಲಿ ಬರೆದವನು ನಂಬಿದ್ದು ಇರಬೇಕು. ವರದಿಯಲ್ಲಿ ಕಂಡದ್ದು ಇರಬೇಕು. ಅರ್ಜಿಯಲ್ಲಿ ಬೇಕಾದದ್ದು. ಚರ್ಚೆಯಲ್ಲಿ ಮಾತ್ರ ನಂಬಿಕೆಯ ಪ್ರಶ್ನೆ ಬರುವುದಿಲ್ಲ. ಚೀಟಿ ಎತ್ತಿದಾಗ ಯಾವ ಪಕ್ಷ ಬಂತೋ ಅದು ನಿಮ್ಮದು. ನವೆಂಬರಿನಲ್ಲಿ ನಮಿತಾ ಎತ್ತಿದ ಚೀಟಿಯಲ್ಲಿ 'ಪರ' ಎಂದಿತ್ತು. ಫುಟ್‌ಪಾತು ನಡೆಯುವವರಿಗೆ ಮಾತ್ರ ಎಂಬುದರ ಪರ. ಹುಡುಗಿ ಚೀಟಿಯನ್ನು ಮಡಿಸುತ್ತಾ ಬಿಚ್ಚುತ್ತಾ ಮೇಜಿನ ಹತ್ತಿರ ನಿಂತಿದ್ದಳು. "ಮ್ಯಾಡಮ್, ಇದು... ಅದಲಾಬದಲಿ ಮಾಡಬಹುದಾ? ನನ್ನ ಅವ್ವ... ಆಪ್ ಕೋ ತೋ ಪತಾ ಹೈ." ಗೊತ್ತಿತ್ತು. ನಮಿತಾಳ ಅವ್ವ ಮಲ್ಲವ್ವ ಎಲ್ಲರಿಗಿಂತ ಮುಂಚೆ ಪರಿಚಯವಾದದ್ದು ಅವಳಿಗೇ. ಅವಳ ಬಿಲ್ಡಿಂಗಿನ ಗಲ್ಲಿಯ ತುದಿಯಲ್ಲಿ, ಬೆಳಗಿನ ಆರೂವರೆಗೆ ಬುಟ್ಟಿ ಇಟ್ಟುಕೊಂಡು ಕೂತು, ಕೆಲಸಕ್ಕೆ ಹೋಗುವ ಯಾದಗಿರಿ, ವಿಜಯಪುರದ ಗಂಡಾಳು ಹೆಣ್ಣಾಳುಗಳಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುವವಳು. ಶಿವಕುಮಾರಿ ವಾರಕ್ಕೆರಡು ಸಲ ನಾಲ್ಕು ರೊಟ್ಟಿ ಒಯ್ಯುತ್ತಿದ್ದಳು. ಮಗಳನ್ನು ಈ ಕಾಲೇಜಿಗೇ ಹಾಕು ಎಂದು ಹೇಳಿ, ಫಾರ್ಮು ತುಂಬಿಕೊಟ್ಟವಳೂ ಅವಳೇ. ಆದರೂ ಆವತ್ತು ಹುಡುಗಿಗೆ ಹೇಳಿದ್ದು ಬೇರೆ. "ಚರ್ಚೆಗೆ ನಿಂತ ಮೇಲೆ ನಾಲಿಗೆ ಒಂದು ಕಡೆ, ಮನಸ್ಸು ಒಂದು ಕಡೆ ಇಡೋದನ್ನ ಕಲೀಬೇಕು ನಮಿತಾ. ಯಾವ ಪಕ್ಷ ನಿನಗೆ ಕಷ್ಟವೋ ಅದರಲ್ಲೇ ನೀನು ಬೆಳೀತಿ." ಎಷ್ಟು ಚೆನ್ನಾಗಿ ಹೇಳಿದೆ ಎಂದು ತನಗೇ ಅನ್ನಿಸಿತ್ತು. ಹುಡುಗಿ ತಲೆಯಾಡಿಸಿ ಹೋದಳು. ಒಂದು ವಾರದಲ್ಲಿ ಆ ಕಾಲುಗಳ ಉದಾಹರಣೆ ಬರೆದುಕೊಂಡು ಬಂದಳು. ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ಮುಂಚೆ ಅವ್ವನ ಬುಟ್ಟಿಯ ಪಕ್ಕ ಕೂತು ನೋಡಿದ್ದಂತೆ. ತೀರ್ಪುಗಾರರು ಆ ಉದಾಹರಣೆಯನ್ನು ಎತ್ತಿ ಹೇಳಿಯೇ ಮೊದಲ ಬಹುಮಾನ ಕೊಟ್ಟರು.

ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತವೆ ಎಂದುಕೊಂಡಿದ್ದಳು ಶಿವಕುಮಾರಿ. ಗೇಟಿನ ಮುಂದಿನ ಮೊಬೈಲ್ ಕವರಿನವನು, ಹಣ್ಣಿನ ಗಾಡಿಯವನು, ಇವರ ವಿಷಯ ಮಾತ್ರ ಅಂದುಕೊಂಡಿದ್ದಳು. ಅಮೋಲ್ ಗಲ್ಲಿಗಳ ಪಟ್ಟಿಯನ್ನು ಕೊನೆಗೆ ತಾನೇ ಸೇರಿಸಿದ್ದ. ಸೇರಿಸಬೇಡ ಎಂದು ಅವಳು ಹೇಳಿರಲಿಲ್ಲ, ಕೇಳಿಯೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಮುನಿಸಿಪಾಲಿಟಿಯ ಗಾಡಿ ಬಂದದ್ದನ್ನು ಮೇಲಿನಿಂದ ನೋಡಿದಳು. ಮಲ್ಲವ್ವನ ಬುಟ್ಟಿ ಗಾಡಿಯ ಮೇಲೆ ಹೋಯಿತು. ಬಿಳಿ ಬಟ್ಟೆ ಗಾಳಿಗೆ ಬಿಚ್ಚಿಕೊಂಡು ರೊಟ್ಟಿಗಳು ಕಾಣಿಸಿದವು. ಮಲ್ಲವ್ವ ಕೂಗಾಡಲಿಲ್ಲ, ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಶಿವಕುಮಾರಿ ಗ್ಯಾಲರಿಯಿಂದ ಒಳಗೆ ಸರಿದು, ಗ್ಯಾಸಿನ ಮೇಲೆ ಹಾಲಿದೆ ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. ಹಾಲಿರಲಿಲ್ಲ. ನಮಿತಾ ಬುಟ್ಟಿ ಬಿಡಿಸಿಕೊಂಡು ಬರಲು ವಾರ್ಡ್ ಆಫೀಸಿಗೆ ಹೋಗಿ, ಅಲ್ಲಿಯ ಕ್ಲರ್ಕನಿಂದ ಅರ್ಜಿಯ ಜೆರಾಕ್ಸ್ ಪಡೆದದ್ದು ಆಮೇಲೆ. ನೋಡು ಎಷ್ಟು ಚೆಂದ ಬರೆದಿದ್ದಾರೆ ಎಂದು ಅವನು ತೋರಿಸಿದನಂತೆ. ಅದನ್ನೂ ಹುಡುಗಿ ಅಡಿಟಿಪ್ಪಣಿಯಲ್ಲಿ ಬರೆದಿದ್ದಳು.

ಮೂರನೇ ಪೀರಿಯಡ್ಡಿನ ಗಂಟೆ ಹೊಡೆಯಿತು. ಅವಳು ಪಾಠಕ್ಕೆ ಹೋಗಲಿಲ್ಲ. ತಲೆನೋವು ಎಂದು ಪ್ರಫುಲ್ಲಾಗೆ ಹೇಳಿ, ಹಾಳೆಗಳನ್ನು ಪರ್ಸಿಗೆ ತುರುಕಿ, ನಮಿತಾಳ ಮನೆಗೆಂದು ಸ್ಟೇಷನ್ನಿಗೆ ನಡೆದಳು. ದಹಿಸರ್‌ಗೆ ಹೋಗುವ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿ ಮಧ್ಯಾಹ್ನಕ್ಕೆ ಅರ್ಧ ಖಾಲಿ. ಕಿಟಕಿಯ ಹತ್ತಿರ ಕೂತು ಏನು ಹೇಳಬೇಕೆಂದು ಜೋಡಿಸತೊಡಗಿದಳು. ಮೊದಲನೆಯದು, ಉದ್ದೇಶ. ಉದ್ದೇಶ ಕೆಟ್ಟದ್ದಿರಲಿಲ್ಲ. ಎರಡನೆಯದು, ಪಟ್ಟಿ ಬೇರೆಯವರು ಸೇರಿಸಿದ್ದು. ಮೂರನೆಯದು, ತಾನು ಬರೆಯದಿದ್ದರೂ ಇನ್ಯಾರೋ ಬರೆಯುತ್ತಿದ್ದರು. ಮೂರೂ ನಿಜ. ಮೂರನ್ನೂ ಯಾವ ತೀರ್ಪುಗಾರರ ಮುಂದೆ ಬೇಕಾದರೂ ಮಂಡಿಸಬಹುದು. ಕಾಂದಿವಲಿ ಬರುವಷ್ಟರಲ್ಲಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೆದರಿಕೆ ಇದ್ದದ್ದು ಬೇರೆ. ಸುದ್ದಿ ಕಾಲೇಜಿಗೆ ಹೋದರೆ? ವಿದ್ಯಾರ್ಥಿಯ ಬರಹ ಕದ್ದ ಪ್ರೊಫೆಸರ್ ಎಂದು ಪ್ರಿನ್ಸಿಪಾಲರ ಮುಂದೆ ನಿಲ್ಲಬೇಕಾದರೆ? ಹುಡುಗಿಗೆ ನಿಜ ಹೇಳಬಲ್ಲವಳು ಜಗತ್ತಿನಲ್ಲಿ ಒಬ್ಬಳೇ, ಹೇಳದೆ ಇದ್ದರೆ ಕೇಳುವವರೂ ಯಾರೂ ಇಲ್ಲ. ಬೊರಿವಲಿಯಲ್ಲಿ ಇಳಿದು ಎದುರಿನ ಪ್ಲಾಟ್‌ಫಾರ್ಮಿನಿಂದ ವಾಪಸ್ ಹೋಗಬಹುದಿತ್ತು. ಎದ್ದೂ ನಿಂತಳು. ಹತ್ತುವವರು ನುಗ್ಗಿ ಬಂದು ಅವಳನ್ನು ಹಿಂದಕ್ಕೆ ತಳ್ಳಿದರು, ಗಾಡಿ ಹೊರಟುಬಿಟ್ಟಿತು. ತಳ್ಳಿದವರ ಮೇಲೆ ತಪ್ಪು ಹಾಕುವಂತೆಯೂ ಇರಲಿಲ್ಲ, ಅವಳೇ ಸಾವಕಾಶ ಎದ್ದಿದ್ದಳು.

ವಿಜಯಪುರದ ಕಾಲೇಜಿನಲ್ಲಿ ಅವಳೂ ಚರ್ಚಾಪಟುವೇ. ಒಮ್ಮೆ ಚೀಟಿಯಲ್ಲಿ ವರದಕ್ಷಿಣೆಯ ಪರ ಬಂತು. ಪಡಸಾಲೆಯಲ್ಲಿ ಅಡ್ಡಾಡುತ್ತ, ಕೈ ಬೀಸುತ್ತ, ಎಂಟು ದಿನ ಗಟ್ಟಿಯಾಗಿ ಬಾಯಿಪಾಠ ಮಾಡಿದಳು. ಹೆಣ್ಣಿನ ತವರಿನವರು ಕೊಡುವುದು ಪ್ರೀತಿಗೆ, ಕೊಡಲಾರದವರು ಪ್ರೀತಿಯನ್ನು ಅಳೆಯುತ್ತಾರೆ, ಹೀಗೇ ಏನೇನೋ. ಅಪ್ಪ ನಕ್ಕು, ವಕೀಲಳಾಗ್ತಿ ನೀ ಎಂದಿದ್ದ. ಒಳಗಿನ ಕೋಣೆಯ ಬಾಗಿಲಿಗೆ ಆತು ಕೂತು ಸೋದರತ್ತೆ ರಾಚವ್ವ ಅಕ್ಕಿ ಆರಿಸುತ್ತಿದ್ದಳು. ಅರ್ಧ ತೊಲೆ ಕಡಿಮೆಯಾಯಿತೆಂದು ಗಂಡನ ಮನೆಯವರು ಕಳಿಸಿಬಿಟ್ಟ ರಾಚವ್ವ. ಎಂಟು ದಿನವೂ ಕೇಳಿದಳು. ಸ್ಪರ್ಧೆಯ ದಿನ ಬೆಳಿಗ್ಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎಳೆ ಎಳೆಯಾಗಿ ಹೆರಳು ಹಾಕಿ ಕಳಿಸಿದಳು. ಶಿವಕುಮಾರಿ ಗೆದ್ದು ಬಂದಳು. ಮೂವತ್ತು ವರ್ಷ ಇದು ನೆನಪಿಗೇ ಬಂದಿರಲಿಲ್ಲ. ಈಗ ದಹಿಸರ್ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಆ ಬೆರಳುಗಳು ನೆತ್ತಿಯ ಮೇಲೆ ಆಡಿದಂತಾಗಿ ಅವಳು ಕಂಬ ಹಿಡಿದು ನಿಂತಳು.

ಚಾಳಿನ ಕೊನೆಯ ಖೋಲಿ. ಬಾಗಿಲು ತೆರೆದೇ ಇತ್ತು. ಮಲ್ಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಹಿಟ್ಟಿನ ಕೈಯಲ್ಲೇ ಎದ್ದಳು. "ಅಯ್ಯ, ಅಕ್ಕಾರ! ಬರ್ರಿ, ಒಳಗ ಬರ್ರಿ. ಇಷ್ಟ ದೂರ ಬಂದೀರಿ, ಒಂದ ಫೋನ ಮಾಡಿದ್ರ ನಾನ ಬರತಿದ್ದೆ." ಚಾಪೆ ಹಾಸಿದಳು, ನೀರು ಕೊಟ್ಟಳು. ಗೋಡೆಗೆ ಒರಗಿಸಿದ ಕಬ್ಬಿಣದ ಏಣಿ ಮೇಲಿನ ಮಾಳಕ್ಕೆ ಹೋಗುತ್ತಿತ್ತು. ಮೇಲೆ ಯಾರೋ ಹೊರಳಿದ ಸಪ್ಪಳ ಕೇಳಿಸಿತು.

"ನಾಕ ದಿನ ಆತ್ರಿ, ಮ್ಯಾಲ ಹತ್ತಿ ಕುಂತಾಳ" ಎಂದಳು ಮಲ್ಲವ್ವ, ದನಿ ಇಳಿಸಿ. "ಉಣ್ಣಂಗಿಲ್ಲ, ನನ್ನ ಮಾರಿ ನೋಡಂಗಿಲ್ಲ. ಬುಟ್ಟಿ ಹೋತು, ಹೋಗ್ಲಿ. ಬುಟ್ಟಿ ಇನ್ನೊಂದ ತರತೀನಿ. ಇಕೀನ್ನ ಎಲ್ಲಿಂದ ತರಲಿ? ತಾ ಸಾಲ್ಯಾಗ ಆಡಿದ ಮಾತಿಗೆ ಗಾಡಿ ಬಂತು ಅಂತಾಳ್ರಿ. ಎಲ್ಲೆರ ಸಾಲಿ ಮಾತಿಗೆ ಮುನಸಿಪಾಲ್ಟಿ ಗಾಡಿ ಬರತೈತೇನ್ರಿ? ನೀವ ಹೇಳ್ರಿ ಅಕೀಗೆ. ನೀವ ಹೇಳಿದ್ರ ಕೇಳತಾಳ."

ಎಷ್ಟು ಸುಲಭದ ದಾರಿ ತೆರೆದುಕೊಟ್ಟಳು ಈ ಹೆಂಗಸು! ಶಿವಕುಮಾರಿಗೆ ಎದೆ ಹಗುರಾಯಿತು, ನಾಚಿಕೆಯಿಲ್ಲದೆ ಹಗುರಾಯಿತು. "ಇಲ್ಲ ಇಲ್ಲ, ಅಕೀದೇನ ತಪ್ಪಿಲ್ಲ" ಎಂದಳು, ಮಾಳದ ಕಡೆ ಮುಖ ಎತ್ತಿ, ತರಗತಿಯ ದನಿಯಲ್ಲಿ. "ನಮಿತಾ, ಕೇಳಿಸ್ತಾ? ನಿನ್ನ ತಪ್ಪಿಲ್ಲ. ಇಂಥ ಅರ್ಜಿ ಎಲ್ಲಾ ಕಡೆ ಒಂದೇ ಥರ ಇರ್ತಾವ."

ಮೇಲಿನಿಂದ ದನಿ ಬಂತು, ಅತ್ತು ಅತ್ತು ಒಡೆದ ದನಿ. "ಮ್ಯಾಡಮ್, ಕೋಲು, ಎಡಗಾಲು, ಬಲಗಾಲು, ವೋ ಭೀ ಸೇಮ್? ವಿಡಿಯೋದಲ್ಲಿ ಆ ಪಾರ್ಟ್ ಇಲ್ಲ. ನಿನ್ನೆ ನಾನು ನೋಡಿದೆ, ಕಟ್ ಮಾಡಿದ್ದಾರೆ. ಫಿರ್ ಕಿಸ್ ಕೋ ಕೊಟ್ಟೆ ನಾನು? ನಂಗೆ ಯಾದ್ ಇಲ್ಲ. ಯಾರಿಗೋ ಕೊಟ್ಟಿರಬೇಕು ನಾನೇ."

ಮಲ್ಲವ್ವ ಒಲೆ ಸಣ್ಣ ಮಾಡಿದಳು. "ನೋಡ್ರಿ, ಹಿಂಗ. ತಪ್ಪಿಲ್ಲ ಅಂತ ನಾನೂ ನಾಕ ದಿನದಿಂದ ಬಡಕೊಳ್ಳಾಕತ್ತೇನಿ, ನಂಬಂಗಿಲ್ಲ. ಮಾತು ತನ್ನವ ಅಂತಾಳ. ಇರಲಿ, ತನ್ನವ. ಅಲ್ಲಿಗೆ ಹೆಂಗ ಹೋದ್ವು? ಅಷ್ಟ ಯಾರರ ಹೇಳಿದ್ರ ಅಕಿ ಕೆಳಗ ಇಳದಾಳು."

ಶಿವಕುಮಾರಿ ಲೋಟವನ್ನು ಕೆಳಗಿಟ್ಟಳು. ರೈಲಿನಲ್ಲಿ ಜೋಡಿಸಿಕೊಂಡಿದ್ದ ಮೂರೂ ಮಾತುಗಳು ಒಂದರ ಹಿಂದೊಂದು ಬಂದು ನಾಲಿಗೆಯ ತುದಿಯಲ್ಲಿ ನಿಂತವು, ಯಾವುದನ್ನು ಮೊದಲು ಹೇಳಿದರೂ ಉಳಿದೆರಡು ಸುಳ್ಳಾಗುತ್ತಿದ್ದವು.

"ನಾ ಕೊಟ್ಟೆ, ಮಲ್ಲವ್ವ" ಎಂದಳು.

ಮಲ್ಲವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

"ಅರ್ಜಿ ಬರದವಳು ನಾನು. ಅಕಿ ಭಾಷಣ ನನ್ನ ಹತ್ರ ಇತ್ತು. ಅದನ್ನ ತಗದು ನಮ್ಮ ಸೊಸೈಟಿಯವರಿಗೆ ಬರದು ಕೊಟ್ಟೆ. ಅಕೀಗೆ ಕೇಳಲಿಲ್ಲ, ಹೇಳಲಿಲ್ಲ. ಗಾಡಿ ಬಂದಾಗ ಮ್ಯಾಲ ನಿಂತು ನೋಡಿದೆ." ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹದಿನಾರು ವರ್ಷದ ಅಭ್ಯಾಸ, ನಾಲಿಗೆ ಮುಂದುವರಿಯಿತು. "ಚರ್ಚೆ ಅಂದ್ರ ಮಲ್ಲವ್ವ, ಅದರಾಗ ಆಡಿದ್ದು ನಂಬಿ ಆಡಿದ್ದಲ್ಲ, ಅದು ಒಂದು ರೀತಿ... ಅರ್ಜಿಯೊಳಗ ಹಾಕಿದಾಗ ಅದು ಬ್ಯಾರೆ ಆಗತದ ಅಂತ ನನಗ ಆವಾಗ..." ಮಾತು ತಾನಾಗಿ ಬತ್ತಿಹೋಯಿತು. ಬೈಗುಳಕ್ಕೆ ಕಾದು ಕೂತಳು. ಬೈದರೆ ಒಳ್ಳೆಯದಿತ್ತು. ಏನಾದರೂ ಎತ್ತಿ ಒಗೆದಿದ್ದರೂ ಆಗುತ್ತಿತ್ತು, ಆಮೇಲೆ ಅತ್ತು, ಕ್ಷಮೆ ಕೇಳಿ, ಹೊಸ ಬುಟ್ಟಿ ಕೊಡಿಸುತ್ತೇನೆ ಎನ್ನಬಹುದಿತ್ತು.

ಮಲ್ಲವ್ವ ಅವಳ ಕಡೆ ನೋಡಲೇ ಇಲ್ಲ. ಕೈಯ ಹಿಟ್ಟನ್ನು ಪರಾತದ ಅಂಚಿಗೆ ಒರೆಸಿ, ಏಣಿಯ ಹತ್ತಿರ ಹೋಗಿ, ಎರಡು ಮೆಟ್ಟಿಲು ಹತ್ತಿ, ಮೇಲಕ್ಕೆ ಕತ್ತು ಚಾಚಿದಳು. ಅವಳ ಮುಖ ಅರಳಿತ್ತು. ಶಿವಕುಮಾರಿ ಅದನ್ನು ಸ್ಪಷ್ಟವಾಗಿ ಕಂಡಳು, ಆ ಮುಖದಲ್ಲಿ ತನಗಾಗಿ ಸಿಟ್ಟು ಕೂಡ ಇರಲಿಲ್ಲ.

"ನಮೀ, ಕೇಳಿದೇನ ನನ್ನವ್ವಾ? ನೀ ಅಲ್ಲಂತ. ನೀ ಯಾರಿಗೂ ಕೊಟ್ಟಿಲ್ಲಂತ. ಇಳಿ, ಬಿಸಿ ರೊಟ್ಟಿ ಐತಿ."

ಮೇಲೆ ಬಿಕ್ಕು ಕೇಳಿಸಿತು. ಯಾರೂ ಇಳಿಯಲಿಲ್ಲ. ಮಲ್ಲವ್ವ ಸ್ವಲ್ಪ ಹೊತ್ತು ಏಣಿ ಹಿಡಿದು ನಿಂತು ಕಾದಳು. ಆಮೇಲೆ ತಿರುಗಿ, ಮನೆಗೆ ಬಂದವರಿಗೆ ಹೇಳುವ ಮರ್ಯಾದೆಯಲ್ಲೇ, ಮೆಲ್ಲಗೆ ಹೇಳಿದಳು:

"ನೀವು ಹೋಗ್ರಿ ಅಕ್ಕಾರ. ನೀವಿದ್ರ ಅಕಿ ಉಣ್ಣಾಕ ಇಳಿಯಂಗಿಲ್ಲ."